ತಲೆಕೆಳಗಾದ ಲಾಟೀನು: ಗೂಟದ ಗುರುತು

ಕಂತು ಒಂಬತ್ತು

"ಗೂಟ ಎಲ್ಲಿ?"

ತನಿಖಾಧಿಕಾರಿ ಹೀಗೆ ಕೇಳುತ್ತಿರುವುದು ಇದು ಮೂರನೆಯ ಸಲ. ದಾಖಲೆ ಕೋಣೆಯ ಉದ್ದನೆಯ ಮೇಜಿನ ಮೇಲೆ ಹಸಿರು ಧ್ವಜ ಮೈಚಾಚಿ ಮಲಗಿತ್ತು. ಮೇಜು ಸಾಲದೆ ಅದರ ಒಂದು ತುದಿ ಕುರ್ಚಿಯ ಬೆನ್ನಿಗೆ ಒರಗಿತ್ತು.

"ನನ್ನ ಕೇಳಿದ್ರೆ ನಾನೇನ್ ಹೇಳ್ಲಿ ಸರ್?" ಎಂದ ಬೀಗದಣ್ಣ. ಈ ಕೋಣೆಯ ಕೀಲಿಕೈ ಗೊಂಚಲು ಇಪ್ಪತ್ತೆರಡು ವರ್ಷದಿಂದ ಅವನ ಸೊಂಟ ಬಿಟ್ಟು ಇಳಿಯದ್ದರಿಂದ ಅವನಿಗೆ ಆ ಅಡ್ಡಹೆಸರು. "ಈ ಧ್ವಜದ ಪೊಟ್ಟಣಾನ ಮಗು ಥರ ಸಾಕಿದೀನಿ. ಇಲಿ ಮುಟ್ಟಿಲ್ಲ, ಹುಳ ಹಿಡಿದಿಲ್ಲ, ತೇವ ತಗುಲಿಲ್ಲ."

"ಕಳ್ಳತನ ಆಗಿದೆ."

"ಅದೊಂದು ಬಿಟ್ಟು."

ನಗಬೇಕೋ ಬೇಡವೋ ತಿಳಿಯದೆ ತನಿಖಾಧಿಕಾರಿ ಮತ್ತೆ ಬಟ್ಟೆಯ ಮೇಲೆ ಬಾಗಿದ.

ಏಳು ಜಿಲ್ಲೆಗಳ ಪ್ರಾದೇಶಿಕ ಸಂಸತ್ತಿನ ಧ್ವಜ ಅದು. ಹಸಿರು ಬಟ್ಟೆ, ನಡುವೆ ಬಿಳಿ ಹಗ್ಗದ ಬಳೆ, ಜಿಲ್ಲೆಗೊಂದರಂತೆ ಬಳೆಯಲ್ಲಿ ಏಳು ಗಂಟು, ಬಳೆಯೊಳಗೆ ಉರಿಯುವ ಲಾಟೀನು. ಹದಿನೆಂಟು ವರ್ಷದ ಹಿಂದೆ, ಸ್ಥಾಪನಾ ದಿನದ ಬೆಳಿಗ್ಗೆ, ಗಣ್ಯರೆಲ್ಲ ಕತ್ತೆತ್ತಿ ನಿಂತಿದ್ದಾಗ ಇದೇ ಧ್ವಜ ಗೋಪುರದ ತುದಿಯಲ್ಲಿ ಬಿಚ್ಚಿಕೊಂಡು, ಲಾಟೀನು ತಲೆಕೆಳಗಾಗಿ ನೇತಾಡಿತ್ತು. ಅದನ್ನು ಏರಿಸಿದ್ದ ಹಿರಿಯರು, ಎಲ್ಲರೂ 'ಧ್ವಜದವರು' ಎನ್ನುತ್ತಿದ್ದವರು, ಜೈಲಿಗೆ ಹೋದರು, ಅಲ್ಲೇ ತೀರಿಕೊಂಡರು. ಈಗ ಅವರ ಮಗಳು ಅಪ್ಪನ ಹೆಸರಿನ ಕಳಂಕ ತೆಗೆಯಿರಿ ಎಂದು ಅರ್ಜಿ ಹಾಕಿದ್ದಾಳೆ. ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರಿಯಾಗಿ ಯಾರೋ ಸಾಕ್ಷ್ಯಕ್ಕೆ ಕೈ ಹಾಕಿದ್ದಾರೆ.

ಕೈ ಹಾಕಿದವರು ಧ್ವಜ ಒಯ್ದಿರಲಿಲ್ಲ. ಒಯ್ದದ್ದು ಎರಡು ತುಂಡು ಹಗ್ಗ.

ಧ್ವಜದ ಒಂದು ಅಂಚಿಗೆ ದಪ್ಪ ಬಿಳಿ ಬಟ್ಟೆಯ ಪಟ್ಟಿ ಇರುತ್ತದೆ. ಆ ಪಟ್ಟಿಯೊಳಗೆ ಹಗ್ಗ. ಹಗ್ಗದ ಒಂದು ತುದಿಗೆ ಬೆರಳುದ್ದದ ಮರದ ಗೂಟ, ಇನ್ನೊಂದು ತುದಿಗೆ ಕುಣಿಕೆ. ಗೂಟ ಯಾವಾಗಲೂ ಮೇಲೆ, ಕುಣಿಕೆ ಯಾವಾಗಲೂ ಕೆಳಗೆ. ಈಗ ಗೂಟವೂ ಇಲ್ಲ, ಕುಣಿಕೆಯೂ ಇಲ್ಲ. ಪಟ್ಟಿಯೊಳಗಿನ ಹಗ್ಗ ಮಾತ್ರ ಉಳಿದಿತ್ತು. ಅದರ ಕತ್ತರಿಸಿದ ಎರಡೂ ತುದಿಗೆ ಮೇಣದ ಬಿಳಿ ದಾರ ಸುತ್ತಿತ್ತು. 'ದಾರ ಹೊಸದು' ಎಂದು ತನಿಖಾಧಿಕಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಬರೆದದ್ದು ಸರಿಯೇ ಎಂದು ಮತ್ತೊಮ್ಮೆ ಬಾಗಿ ನೋಡಿದ. ಎರಡು ಸಲ ನೋಡದೆ ಏನನ್ನೂ ಬರೆಯಬಾರದು ಎಂಬ ಬುದ್ಧಿ ಅವನಿಗೆ ತಡವಾಗಿ ಬಂದದ್ದು.

"ಈ ವಾರ ಒಳಗೆ ಬಂದವರು?"

ಬೀಗದಣ್ಣ ಪುಸ್ತಕ ತೆರೆದ. "ಮೂರೇ ಜನ. ಸೋಮವಾರ ಕಾವಲಿನ ಕ್ಯಾಪ್ಟನ್. ಅವರು ಬರೋದು ಆ ಬೆಂಚಿನ ಮೇಲೆ ನಿದ್ದೆ ಮಾಡೋಕೆ. ಮೊನ್ನೆ ಅರ್ಜಿದಾರಳು, ಆ ಹುಡುಗಿ. ಸಾಕ್ಷ್ಯ ನೋಡೋ ಹಕ್ಕಿದೆ ಅಂತ ಚೀಟಿ ತಂದಿದ್ಲು. ಅವತ್ತೇ ಮಧ್ಯಾಹ್ನ..." ಅವನ ದನಿ ಇಳಿಯಿತು. "ನಿಮ್ಮಕ್ಕ. ಹೊಲಿಗೆ ಕೋಣೆಯಿಂದ ಬಂದ್ರು. ಪೊಟ್ಟಣದ ಮೇಲಿನ ಬಟ್ಟೆ ಹರಿದಿತ್ತು, ಹೊಲಿದು ಕೊಟ್ಟು ಹೋದ್ರು."

"ಮೂವರ ಜೊತೆಗೂ ನೀನು ಇದ್ದೆಯಾ?"

"ಇದ್ದೆ. ಅಂದ್ರೆ, ಆ ಹುಡುಗಿ ಕುಡಿಯೋಕೆ ನೀರು ಕೇಳಿದ್ಲು, ತರೋಕೆ ಹೋದೆ. ನಿಮ್ಮಕ್ಕ ದೀಪ ಸಾಲದು ಅಂದ್ರು, ಬಲ್ಬು ತರೋಕೆ ಹೋದೆ. ಕ್ಯಾಪ್ಟನ್ ಜೊತೆ..." ಬೀಗದಣ್ಣ ನೆಲ ನೋಡಿದ. "ಕ್ಯಾಪ್ಟನ್ ಜೊತೆ ನಾನೂ ಸ್ವಲ್ಪ ಕಣ್ಣು ಮುಚ್ಚಿದ್ದೆ ಸರ್."

ಮೂರರ ಬಿಸಿಲು ಆಗ ಕಿಟಕಿಯಿಂದ ಓರೆಯಾಗಿ ಮೇಜಿನ ಮೇಲೆ ಬಿತ್ತು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಎದ್ದು ಬಂತು. ಬಿಳಿ ಪಟ್ಟಿಯ ಒಂದು ಕೊನೆಯಲ್ಲಿ ಕಂದು ಬಣ್ಣದ ಗುರುತು. ಬೆರಳುದ್ದ, ಎರಡೂ ತುದಿ ದುಂಡಗೆ. ಹದಿನೆಂಟು ವರ್ಷ ಮಡಿಕೆಯೊಳಗೆ ಒತ್ತಿ ಕುಳಿತ ಗೂಟ, ಹೋಗುವಾಗ ತನ್ನ ನೆರಳನ್ನು ಬಟ್ಟೆಯಲ್ಲೇ ಬಿಟ್ಟು ಹೋಗಿತ್ತು.

ತನಿಖಾಧಿಕಾರಿ ಆ ಗುರುತಿನ ಮೇಲೆ ಬೆರಳಿಟ್ಟ.

"ಬೀಗದಣ್ಣ, ಲಾಟೀನಿನ ಜ್ವಾಲೆ ಯಾವ ಕಡೆ ಇದೆ?"

"ನಿಮ್ಮ ಕಡೆ."

"ಬುಡ?"

"ನನ್ನ ಕಡೆ."

"ಈ ಗುರುತು?"

ಬೀಗದಣ್ಣ ಕನ್ನಡಕ ಏರಿಸಿ ನೋಡಿದ. "ಅದೂ ನನ್ನ ಕಡೇನೇ. ಬುಡದ ಕಡೆ." ಕನ್ನಡಕ ಇಳಿಸಿ, "ಗೂಟ ಮೇಲಿರಬೇಕಲ್ವಾ ಸರ್?" ಎಂದ.

ತನಿಖಾಧಿಕಾರಿ ಕುರ್ಚಿ ಹುಡುಕಿ ಕುಳಿತ.

ಈ ಸಂಸತ್ತಿನಲ್ಲಿ ಒಂದು ಪದ್ಧತಿ ಇದೆ. ಲಾಂಛನ ಹೊಲಿದ ಕೂಡಲೇ ಧ್ವಜವನ್ನು ಮಡಚಿ, ಸಣ್ಣ ದಾರದಿಂದ ಕಟ್ಟಿಬಿಡಬೇಕು. ಆಮೇಲೆ ಅದು ಬಿಚ್ಚಿಕೊಳ್ಳುವುದು ಗೋಪುರದ ತುದಿಯಲ್ಲೇ, ಕೆಳಗಿನಿಂದ ಒಂದು ಜಗ್ಗಿಗೆ. ನಡುವೆ ಯಾರೂ ಬಿಚ್ಚಿ ನೋಡುವಂತಿಲ್ಲ. ಏಕೆಂದು ಯಾರಿಗೂ ಗೊತ್ತಿಲ್ಲ, ಮೊದಲಿನಿಂದ ಬಂದದ್ದು. ಹಾಗಾಗಿ ಏರಿಸುವವನಿಗೆ ಚಿತ್ರ ಕಾಣುವುದಿಲ್ಲ. ಅವನು ನಂಬುವುದು ಕೈಯನ್ನು, ಕೈ ನಂಬುವುದು ಗೂಟವನ್ನು.

ಗೂಟ ಲಾಟೀನಿನ ಬುಡದ ಕಡೆ ಇತ್ತೆಂದರೆ, ಗೂಟವನ್ನು ಮೇಲಕ್ಕೆ ಕಳಿಸಿದವನ ತಪ್ಪೇನೂ ಇಲ್ಲ. ತಪ್ಪು ನಡೆದದ್ದು ಗೋಪುರದಲ್ಲಲ್ಲ, ಹೊಲಿಗೆ ಕೋಣೆಯಲ್ಲಿ. ಲಾಂಛನವನ್ನೇ ತಲೆಕೆಳಗಾಗಿ ಹೊಲಿಯಲಾಗಿತ್ತು.

"ನಾನು ನೋಡೋದಿಲ್ಲ ಸ್ವಾಮಿ. ಕೈಗೆ ಗೂಟ ಸಿಕ್ಕಬೇಕು, ಅದು ಮೇಲೆ. ಗೂಟ ಹೇಳಿದ ಹಾಗೆ ಏರಿಸ್ದೆ."

ಆ ದನಿ ಈಗಲೂ ಕಿವಿಯಲ್ಲಿತ್ತು. ಲಾಕಪ್ಪಿನ ಸಣ್ಣ ಮೇಜಿನ ಆಚೆ ಕೂತು ಧ್ವಜದವರು ಹೇಳಿದ್ದ ಮೊದಲ ಹೇಳಿಕೆ ಅದು. ಈಚೆ ಕೂತು ಬರೆದುಕೊಂಡವನು ಬೇರೆ ಯಾರೂ ಅಲ್ಲ, ತಾನೇ. ಆಗ ತನಿಖಾ ಶಾಖೆಯಲ್ಲಿ ಎಲ್ಲರಿಗಿಂತ ಕೆಳಗಿನ ಸಹಾಯಕ. ಸಂಜೆ ತರಗತಿಯಲ್ಲಿ ಕಲಿತ ದುಂಡಗಿನ ಅಕ್ಷರ. ಬಟ್ಟೆ ತಿರುಗಿದ ಕೇಸು ತಾನೇ ಎಂದು ಮೇಲಿನವರು ಅವನ ತಲೆಗೆ ಕಟ್ಟಿದ್ದರು.

ಮರುದಿನ ಧ್ವಜದವರು ಮಾತು ಬದಲಿಸಿದ್ದರು. "ನನ್ನ ಕೈ ತಪ್ಪಿತು. ಹಾಗೇ ಬರ್ಕೊಳ್ಳಿ."

ತಾನು ಬರೆದದ್ದು ಹಾಗಲ್ಲ. 'ಆರೋಪಿ ದಿನಕ್ಕೊಂದು ಮಾತು ಆಡುತ್ತಾನೆ. ಗೂಟದ ಮಾತು ನುಣುಚಿಕೊಳ್ಳುವ ಉಪಾಯ. ಕೃತ್ಯ ಬೇಕೆಂದೇ ನಡೆದದ್ದು.' ಬರೆದು, ಧ್ವಜವನ್ನು ತನ್ನ ಕೈಯಾರೆ ಮಡಚಿ, ಮೊಹರು ಒತ್ತಿದ್ದ. ಮಡಚುವಾಗ ಗೂಟ ಅಂಗೈಗೆ ತಗುಲಿರಲೇಬೇಕು. ಅದು ಯಾವ ಕಡೆ ಇದೆ ಎಂದು ನೋಡಲಿಲ್ಲ.

ಅದೇ ವಾರ ಒಂದು ಜಿಲ್ಲೆಯ ಸದಸ್ಯರು 'ಈ ಲಾಟೀನು ನಮಗೆ ಬೆಳಕು ಕೊಡುವುದಿಲ್ಲ' ಎಂದು ಸಭೆಯಿಂದ ಎದ್ದು ಹೋಗಿದ್ದರು. ಧ್ವಜದವರು ಆ ಜಿಲ್ಲೆಯವರು. ಬಟ್ಟೆಯ ಕೇಸು ಒಂದೇ ದಿನದಲ್ಲಿ ದ್ರೋಹದ ಕೇಸಾಯಿತು. ಮೂರು ವರ್ಷ ಶಿಕ್ಷೆ. ಎರಡನೆಯ ವರ್ಷ ಅವರ ಎದೆಬಡಿತ ನಿಂತಿತು. ತನಗೆ ಶಿಕ್ಷೆಯ ದಿನವೇ ಬಡ್ತಿ ಸಿಕ್ಕಿತ್ತು.

"ಸರ್," ಎಂದ ಬೀಗದಣ್ಣ ಮೆಲ್ಲಗೆ, "ಆಗ ಲಾಂಛನ ಹೊಲೀತಿದ್ದದ್ದು..."

"ಗೊತ್ತು."

"ಒಬ್ಬರೇ."

"ಗೊತ್ತು ಅಂದ್ನಲ್ಲ."

ಬೀಗದಣ್ಣ ಕೀಲಿಕೈ ಗೊಂಚಲನ್ನು ಸುಮ್ಮನೆ ಎಣಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, "ನಿಯಮ ನೋಡಿದೀರಾ?" ಎಂದ. "ಹತ್ತು ವರ್ಷ ದಾಟಿದ ತೀರ್ಪು. 'ಪಾಪ, ತಪ್ಪಾಗಿತ್ತು' ಅಂದ್ರೆ ಅರ್ಜಿ ಸಮಿತಿ ಕಿವಿ ಮೇಲೆ ಹಾಕ್ಕೊಳ್ಳಲ್ಲ. ಅದೇ ಅಪರಾಧವನ್ನ ಬೇಕಂತಲೇ ಮಾಡಿದ ಬೇರೆಯವರು ಸಿಕ್ಕರೆ ಮಾತ್ರ ಹಳೆಯವರ ಹೆಸರು ಅಳಿಸ್ತಾರೆ. ಒಬ್ಬರನ್ನ ಇಳಿಸ್ಬೇಕು ಅಂದ್ರೆ ಇನ್ನೊಬ್ಬರನ್ನ ಏರಿಸ್ಬೇಕು. ಮತ್ತೆ ಇವತ್ತು ನಾಲ್ಕು ಗಂಟೇದೇ ಕೊನೇ ಬೈಠಕ್. ನಾಳೆ ಸಭೆ ವಿಸರ್ಜನೆ. ಆಮೇಲೆ ಅರ್ಜಿ ಕಸದ ಬುಟ್ಟಿಗೆ."

ತನಿಖಾಧಿಕಾರಿ ಧ್ವಜವನ್ನು ಮಡಚಿದ. ಈ ಸಲ ಪ್ರತಿ ಮಡಿಕೆಯನ್ನೂ ನೋಡಿ ಮಡಚಿದ. ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ.

*

ಹೊಲಿಗೆ ಕೋಣೆ ಮೂರನೆಯ ಮಹಡಿಯಲ್ಲಿ, ಚಾವಣಿಯ ಅಡಿಗೇ. ಉದ್ದನೆಯ ಮೇಜು, ಒಂದೇ ಒಂದು ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ. ಗುಂಡುಸೂಜಿಗಳು ಅಯಸ್ಕಾಂತದ ಬಟ್ಟಲಲ್ಲಿ ಮುಳ್ಳುಹಂದಿಯಂತೆ ನಿಮಿರಿದ್ದವು. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಅಕ್ಕ ಬಿಳಿ ಹಗ್ಗದ ಬಳೆಯೊಂದಕ್ಕೆ ಆರನೆಯ ಗಂಟು ಹೊಲಿಯುತ್ತಿದ್ದಳು.

"ಬಂದ್ಯಾ ಗುಬ್ಬಿ? ಊಟ ಆಯ್ತಾ?"

"ಸಂಸತ್ತಿನಲ್ಲಿ ಹಾಗೆ ಕರೀಬೇಡ ಅಂದಿದೀನಲ್ಲಕ್ಕ."

"ಸಂಸತ್ತು ಕೆಳಗಿದೆ. ಇದು ನನ್ನ ಕೋಣೆ." ಅಕ್ಕ ತಲೆ ಎತ್ತಿದಳು. ತಮ್ಮನ ಮುಖ ನೋಡಿದಳು, ಕಂಕುಳಲ್ಲಿದ್ದದ್ದನ್ನು ನೋಡಿದಳು. ಸೂಜಿಯನ್ನು ದಿಂಬಿಗೆ ಚುಚ್ಚಿ ಇಟ್ಟಳು. "ಕೂತ್ಕೊ."

ಅವನು ಕೂರಲಿಲ್ಲ. ತಾಯಿ ಇಲ್ಲದ ಮನೆಯಲ್ಲಿ ಎಂಟು ವರ್ಷ ದೊಡ್ಡವಳಾದ ಈ ಅಕ್ಕ ಅವನಿಗೆ ತಲೆ ಬಾಚಿದ್ದಳು, ಮಗ್ಗಿ ಕಲಿಸಿದ್ದಳು. ಹಗಲು ಸಂಸತ್ತಿಗೆ ಹೊಲಿದು, ಬಿಡುವಿನಲ್ಲಿ ಊರವರ ಬಟ್ಟೆ ಹೊಲಿದು, ಅವನನ್ನು ಸಂಜೆ ತರಗತಿಗೆ ಸೇರಿಸಿದ್ದಳು. ಅವಳ ಮುಂದೆ ನಿಂತು ಪ್ರಶ್ನೆ ಕೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಕಚೇರಿಯ ಭಾಷೆಯೇ ಕೈ ಹಿಡಿಯಿತು.

"ಈ ಧ್ವಜದ ಲಾಂಛನ ಹೊಲಿದವರು ಯಾರು?"

"ನೋಡು, ಇಷ್ಟು ಸಣ್ಣ ಪ್ರಶ್ನೆ. ಕೇಳೋದಕ್ಕೆ ಹದಿನೆಂಟು ವರ್ಷ ತಗೊಂಡೆ."

"ಅಕ್ಕ."

"ನಾನೇ. ಇನ್ಯಾರು ಹೊಲೀತಿದ್ರು? ಕಾವಲಿನ ಕ್ಯಾಪ್ಟನ್ನಾ?"

"ತಲೆಕೆಳಗಾಗಿ ಹೊಲಿದಿದೀಯ."

"ಹೌದು."

ಇಷ್ಟು ಸುಲಭವಾಗಿ ಬಂದ ಉತ್ತರವನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. "ಹೇಗಕ್ಕ? ಮೂವತ್ತು ವರ್ಷದಲ್ಲಿ ಒಂದು ಹೊಲಿಗೆ ಓರೆ ಹಾಕಿದವಳಲ್ಲ ನೀನು."

ಅಕ್ಕ ಎದ್ದು ಬೆತ್ತದ ಕುರ್ಚಿಯನ್ನು ಅವನ ಕಡೆ ಎಳೆದಳು. "ಮೊದಲು ಕೂತ್ಕೊ. ಹಾಂ, ಹಾಗೆ. ಇದು ನನ್ನ ಜಾಗ. ಬೆಳಕು ಎಡಗಡೆಯಿಂದ ಬರುತ್ತೆ. ಪಟ್ಟಿ, ಹಗ್ಗ, ಗೂಟ ಎಲ್ಲ ಮೊದಲೇ ಆಗಿರುತ್ತೆ. ಆ ಅಂಚನ್ನ ಸುರುಳಿ ಸುತ್ತಿ ಬಟ್ಟೆಯಡಿ ಸೇರಿಸಿಡ್ತೀನಿ, ಕೈಗೆ ತೊಡಕಾಗಬಾರದು ಅಂತ. ಕೊನೇಲಿ ಲಾಂಛನ. ಅದು ಗುಂಡಗಿನ ತುಂಡು, ಗೆರೆ ಇಲ್ಲ, ಮೂಲೆ ಇಲ್ಲ. ಲಾಟೀನು ನನ್ನ ಕಣ್ಣಿಗೆ ನೆಟ್ಟಗೆ ಕಂಡರೆ ಸೂಜಿ ಚುಚ್ಚೋದು. ಅಷ್ಟೇ ನನ್ನ ಲೆಕ್ಕ. ಈ ಕುರ್ಚಿಯಲ್ಲಿ ಕೂತು ಹೊಲಿದಷ್ಟು ದಿನ ಆ ಲೆಕ್ಕ ತಪ್ಪಿಲ್ಲ."

"ಮತ್ತೆ?"

"ಆವತ್ತು ನಾನು ಈ ಕುರ್ಚಿಯಲ್ಲಿ ಕೂತಿರಲಿಲ್ಲ." ಅಕ್ಕ ಮೇಜು ಸುತ್ತಿ ಎದುರು ಬದಿಗೆ ಹೋಗಿ ನಿಂತಳು. "ಇಲ್ಲಿ ಕೂತಿದ್ದೆ. ಬಟ್ಟೆ ಹಾಗೇ ಇತ್ತು, ತಿರುಗಿದ್ದು ನಾನು."

"ಯಾಕೆ?"

ಅಕ್ಕ ತಮ್ಮನನ್ನೇ ನೋಡಿದಳು.

ಅವನ ಕೈ ಅರಿವಿಲ್ಲದೆ ಕುರ್ಚಿಯ ತೋಳನ್ನು ಸವರಿತು. ಬೆತ್ತ ಒಂದು ಕಡೆ ಬಿಟ್ಟಿತ್ತು. ಆ ಬಿಟ್ಟ ಬೆತ್ತವನ್ನು ಓದುತ್ತ ಓದುತ್ತ ಉಗುರಿನಿಂದ ಎಬ್ಬಿಸಿದ್ದು ತಾನೇ. ಇಲಾಖೆಯ ಪರೀಕ್ಷೆಗೆ ಒಂದು ವಾರ ಇತ್ತು. ಮಧ್ಯಾಹ್ನದ ಹೊತ್ತು ಊಟದ ಡಬ್ಬಿ ಹಿಡಿದು ಇಲ್ಲಿಗೆ ಬರುತ್ತಿದ್ದ. ಕೆಳಗೆ ಗಲಾಟೆ, ಇಲ್ಲಿ ಬೆಳಕು. ಸ್ಥಾಪನಾ ದಿನದ ಹಿಂದಿನ ಮಧ್ಯಾಹ್ನವೂ ಬಂದಿದ್ದ. 'ಏಳಬೇಡ ಬಿಡು, ಓದು. ನಾನು ಆಚೆ ಕೂತ್ಕೊಳ್ತೀನಿ' ಎಂದಿದ್ದಳು ಅಕ್ಕ. ಅವನು ತಲೆ ಎತ್ತಿ ಕೂಡ ನೋಡಿರಲಿಲ್ಲ. ಓದುತ್ತಿದ್ದ ಅಧ್ಯಾಯ ಕೂಡ ನೆನಪಿತ್ತು: ಸಾಕ್ಷ್ಯಗಳ ಪರಿಶೀಲನೆ.

"ನಿನಗೆ ಬೆಳಕು ಬೇಕಿತ್ತು," ಎಂದಳು ಅಕ್ಕ.

ಕಿಟಕಿಯ ಹೊರಗೆ ಗೋಪುರದ ಹಗ್ಗ ಕಂಬಕ್ಕೆ ಟಕ್ ಟಕ್ ಎಂದು ಬಡಿಯುತ್ತಿತ್ತು.

"ಯಾಕೆ ಹೇಳಲಿಲ್ಲ?"

"ಹೇಳೋಕೆ ಹೋಗಿದ್ದೆ. ನಿನ್ನ ಹತ್ತಿರ ಅಲ್ಲ, ಅವರ ಹತ್ತಿರ. ಧ್ವಜ ಬಿಚ್ಚಿಕೊಂಡಾಗ ಈ ಕಿಟಕಿಯಿಂದಲೇ ನೋಡ್ದೆ. ಸಾಯಂಕಾಲ ಲಾಕಪ್ಪಿಗೆ ಹೋದೆ. 'ಅಣ್ಣಾ, ತಪ್ಪು ನಂದು, ನಾಳೆ ಹೇಳಿಬಿಡ್ತೀನಿ' ಅಂದೆ. ನಕ್ಕರು ಕಣೋ. 'ಅಮ್ಮಾ, ಧ್ವಜ ಇಳಿಸಿ ಗೂಟ ನೋಡಿದಾಗಲೇ ಗೊತ್ತಾಯ್ತು ನಂಗೆ. ನೀನು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಬರೀತಾ ಇರೋನು ನಿನ್ನ ತಮ್ಮ, ಅವನ ಪರೀಕ್ಷೆ ಹೋಗುತ್ತೆ. ನಂಗೇನು, ಕೈ ತಪ್ಪಿತು ಅಂದ್ರೆ ದಂಡ ಹಾಕಿ ಬಿಡ್ತಾರೆ. ಬಟ್ಟೆ ತಾನೇ' ಅಂದ್ರು."

"ಅದಕ್ಕೇ ಮರುದಿನ ಹೇಳಿಕೆ ಬದಲಾಯ್ತು."

"ಕೈ ತಪ್ಪಿತು ಅಂತ ಹೇಳಿದ್ರಲ್ಲ ಅವರು? ಹೇಳಿದ್ರಾ ಇಲ್ವಾ?"

"ಹೇಳಿದ್ರು."

"ಮತ್ತೆ 'ಬೇಕಂತಲೇ' ಅಂತ ಯಾರು ಸೇರಿಸಿದ್ದು ಗುಬ್ಬಿ?"

ಅವನು ಕಂಕುಳಲ್ಲಿದ್ದ ಧ್ವಜವನ್ನು ಮೇಜಿನ ಮೇಲೆ ಇಟ್ಟ.

"ಶಿಕ್ಷೆ ಆದ ದಿನ ಮತ್ತೆ ಹೋಗಬೇಕಿತ್ತು," ಎಂದಳು ಅವಳು. "ಚಪ್ಪಲಿ ಹಾಕ್ಕೊಂಡು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ನೀನು ಬಡ್ತಿ ಕಾಗದ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದೆ. ಮಗು ಥರ ಕುಣೀತಿದ್ದೆ. ಚಪ್ಪಲಿ ಬಿಚ್ಚಿಟ್ಟೆ. ನಾಳೆ ಅಂದ್ಕೊಂಡೆ. ಆ ನಾಳೆ ದಿನಾ ಬರ್ತಿತ್ತು, ನಾನೇ ಹೋಗಲಿಲ್ಲ."

ಆಮೇಲೆ ಅಕ್ಕ, ಜಾರುವ ಕಣ್ಣೀರನ್ನು ಟೇಪಿನ ತುದಿಯಿಂದಲೇ ಒರೆಸಿಕೊಂಡು, ಕೆಲಸದ ದನಿಯಲ್ಲಿ ಕೇಳಿದಳು: "ಈಗ ಬರಿ. ನನ್ನ ತಪ್ಪು ಅಂತ ಬರಿ. ಅವರ ಹೆಸರು ವಾಪಸ್ ಬರುತ್ತಾ?"

ಸುಳ್ಳು ಹೇಳಬಹುದಿತ್ತು. ಈ ಒಂದು ದಿನವಾದರೂ ನೆಟ್ಟಗೆ ಇರೋಣ ಎಂದು ಅವನು ನಿಜ ಹೇಳಿದ.

"ಬರಲ್ಲ ಅಕ್ಕ. ತಪ್ಪಾಯ್ತು ಅಂದ್ರೆ ಸಾಲದು. ಹತ್ತು ವರ್ಷ ದಾಟಿದೆ. ಬೇಕಂತಲೇ ಮಾಡಿದವರು ಸಿಕ್ಕರೆ ಮಾತ್ರ."

"ಹಾಗಾ," ಎಂದಳು ಅಕ್ಕ. ಸುಮ್ಮನೆ ಆರನೆಯ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇನ್ನೊಂದು ಕೇಳ್ಬೇಕು. ಮೊನ್ನೆ ನೀನು ದಾಖಲೆ ಕೋಣೆಗೆ ಹೋಗಿದ್ದೆ. ಗೂಟ ಕತ್ತರಿಸಿದ್ದು ನೀನಾ?"

"ನಾನ್ಯಾಕೆ ಕತ್ತರಿಸ್ಲಿ? ಯಾರಾದ್ರೂ ನೋಡಲಿ ಅಂತ ಕಾಯ್ತಿದ್ದವಳು. ಎಲ್ಲಿ, ತೋರಿಸು."

ಅವನು ಪಟ್ಟಿಯ ತುದಿ ಮುಂದೆ ಚಾಚಿದ. ಅಕ್ಕ ಕನ್ನಡಕ ಮೂಗಿಗೆ ಇಳಿಸಿ, ಹಗ್ಗದ ತುದಿಯ ಬಿಳಿ ದಾರದ ಮೇಲೆ ಉಗುರು ಆಡಿಸಿದಳು. ತುಟಿ ಅಲುಗಿತು. ಎಣಿಸುತ್ತಿದ್ದಳು.

"ಏಳು," ಎಂದಳು. ಇನ್ನೊಮ್ಮೆ ಎಣಿಸಿದಳು. "ಕಳ್ಳರು ಹಗ್ಗ ಕತ್ತರಿಸಿದ್ರೆ ಕತ್ತರಿಸಿ ಓಡ್ತಾರೆ. ಇವರು ಮೊದಲು ದಾರ ಸುತ್ತಿ, ಬಿಗಿದು, ಆಮೇಲೆ ಕತ್ತರಿಸಿದಾರೆ, ಉಳಿದ ಹಗ್ಗ ಜಾಳಾಗಬಾರದು ಅಂತ. ಕೈ ಕೇಳಿಲ್ಲ ನೋಡು ಪಾಪ, ಕದಿಯೋವಾಗಲೂ. ಏಳು ಸುತ್ತು, ಎಡದಿಂದ ಬಲಕ್ಕೆ. ಈ ಕಟ್ಟಡದಲ್ಲಿ ಹೀಗೆ ಸುತ್ತುತ್ತಿದ್ದವರು ಒಬ್ಬರೇ."

"ಧ್ವಜದವರು."

"ಅವರು ಹೋಗಿ ಹದಿನಾರು ವರ್ಷ ಆಯ್ತಲ್ಲೋ."

ತನಿಖಾಧಿಕಾರಿ ಆಗಲೇ ಬಾಗಿಲ ಹತ್ತಿರ ಇದ್ದ. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಗುಬ್ಬಿ," ಅಕ್ಕ ಕರೆದಳು. "ಸಮಿತಿ ಕೂರೋದು ಯಾವ ಕೋಣೆ?"

"ಕೆಳಗೆ, ದೊಡ್ಡ ಪರದೆಯ ಕೋಣೆ. ಯಾಕೆ?"

"ಆ ಪರದೆ ಹೊಲಿದದ್ದೂ ನಾನೇ. ಸುಮ್ಮನೆ ಕೇಳ್ದೆ. ಹೋಗು."

*

ಸಮಿತಿಯ ಕೋಣೆಯ ಹೊರಗಿನ ಪಡಸಾಲೆಯಲ್ಲಿ, ಹಳೆಯ ಧ್ವಜದವರ ಹೆಸರುಗಳ ಮರದ ಫಲಕ ತೂಗುತ್ತಿತ್ತು. ಹನ್ನೊಂದು ಹೆಸರು. ಎಂಟನೆಯ ಜಾಗದಲ್ಲಿ ಹೆಸರನ್ನು ಹೆರೆದು ತೆಗೆದ ಬಿಳಿಚು ಕಲೆ. ಅದರ ಕೆಳಗಿನ ಬೆಂಚಿನಲ್ಲಿ ಅವರ ಮಗಳು ಕೂತಿದ್ದಳು. ಇಪ್ಪತ್ತೊಂಬತ್ತರ ಹೆಣ್ಣು. ಬಂದರಿನಲ್ಲಿ ದೋಣಿಗಳ ಹಗ್ಗ ಹೊಸೆಯುವ ಕೆಲಸ. ಅಂಗೈ ಒರಟಾಗಿತ್ತು.

ಅವನು ಅವಳ ಪಕ್ಕ ಕುಳಿತ. "ಏಳು ಸುತ್ತು," ಎಂದ.

ಅವಳು ಬೆಚ್ಚಲಿಲ್ಲ. "ಅಪ್ಪ ಜೈಲಲ್ಲಿ ಕಲಿಸಿದ್ದು. ತಿಂಗಳಿಗೊಮ್ಮೆ ಅರ್ಧ ಗಂಟೆ ಭೇಟಿ. ಅಮ್ಮ ಅಳ್ತಾ ಕೂರೋರು. ಅಪ್ಪಂಗೆ ಮಾತು ಹೊರಡ್ತಿರಲಿಲ್ಲ. ಪೊಟ್ಟಣಕ್ಕೆ ಕಟ್ಟಿದ ದಾರ ತಗೊಂಡು ನಂಗೆ ಸುತ್ತೋದು ಹೇಳಿಕೊಡೋರು. ಆಗ ನಂಗೆ ಹನ್ನೊಂದು."

"ಗೂಟ ತೆಗೆದದ್ದು ಯಾಕಮ್ಮ? ಅದು ನಿಮ್ಮಪ್ಪನ ಪರವಾಗಿದ್ದ ಒಂದೇ ಸಾಕ್ಷ್ಯ."

"ಅದಕ್ಕೇ." ಅವಳು ಚೀಲದೊಳಗೆ ಕೈ ಹಾಕಿ, ಕರವಸ್ತ್ರದ ಗಂಟು ಬಿಚ್ಚಿ, ಬೆರಳುದ್ದದ ಕಂದು ಗೂಟವನ್ನು ಅವನ ಅಂಗೈ ಮೇಲೆ ಇಟ್ಟಳು. "ಪೊಟ್ಟಣ ಬಿಚ್ಚಿದ ತಕ್ಷಣ ಗೂಟ ಬುಡದ ಕಡೆ ಇರೋದು ನಂಗೆ ಕಾಣಿಸ್ತು. ಅರ್ಧ ನಿಮಿಷ ಆಗಲಿಲ್ಲ. ಆಮೇಲೆ ಯೋಚನೆ ಮಾಡ್ದೆ. ಇದು ಹದಿನೆಂಟು ವರ್ಷ ಇಲ್ಲೇ ಇತ್ತು. ಇದ್ದಾಗ ನೀವು ನೋಡಲಿಲ್ಲ. ಹಾಗೇ ಇಟ್ಟು ಹೋದ್ರೆ ಮತ್ತೆ ನೋಡಲ್ಲ. ಇಲ್ಲ ಅಂತಾದ್ರೆ ಹುಡುಕ್ತೀರಿ. ಹುಡುಕಿದ್ರಲ್ಲ?"

ತನಿಖಾಧಿಕಾರಿ ಅದನ್ನು ಬೆರಳಲ್ಲಿ ಹೊರಳಿಸಿದ. ಗೂಟ ಹಗುರವಾಗಿತ್ತು, ಎಷ್ಟೋ ಕೈಗಳಲ್ಲಿ ಸವೆದು ನುಣುಪಾಗಿತ್ತು.

"ಸಿಟ್ಟು ಬಂತಾ?" ಎಂದಳು.

"ನನ್ನ ಮೇಲೆ."

"ಅಮ್ಮ ಈ ಬೀದಿಗೇ ಬರಲ್ಲ. ಮಾರುಕಟ್ಟೆಗೆ ಹೋಗೋಕೆ ಎರಡು ಬೀದಿ ಸುತ್ತು ಹಾಕ್ತಾರೆ, ಗೋಪುರ ಕಾಣಬಾರದು ಅಂತ. ಆ ಫಲಕದಲ್ಲಿ ಹೆಸರು ಬಂದ್ರೆ ಒಂದು ಸಲ ಕರ್ಕೊಂಡು ಬರಬೇಕು. ಅಷ್ಟೇ ನಂಗೆ ಬೇಕಾಗಿರೋದು." ಅವಳು ಅವನ ಕಡೆ ನೋಡಿದಳು. "ಹೊಲಿದವರು ಯಾರು ಅಂತ ಗೊತ್ತಾಯ್ತಾ ನಿಮಗೆ?"

ಅವನು ಗೂಟವನ್ನು ಮುಷ್ಟಿಯಲ್ಲಿ ಹಿಡಿದ.

"ಗೊತ್ತಾಗಿದೆ. ಮುಖ ನೋಡಿದ್ರೆ ತಿಳಿಯುತ್ತೆ." ಅವಳು ಫಲಕದ ಕಡೆ ತಿರುಗಿದಳು. "ಒಂದು ವಿಷಯ ಹೇಳ್ತೀನಿ. ಅಪ್ಪ ಹೋದ ಮೇಲೆ ವರ್ಷಕ್ಕೊಂದು ಫ್ರಾಕು ಬರ್ತಿತ್ತು ಮನೆಗೆ. ಹದಿನೆಂಟು ತುಂಬೋವರೆಗೂ. ಕಳಿಸಿದವರ ಹೆಸರಿಲ್ಲ. ಯಾರೂ ನನ್ನ ಅಳತೆ ತಗೊಂಡಿಲ್ಲ, ಆದ್ರೂ ಪ್ರತಿ ಸಲ ಮೈಗೆ ಸರಿಯಾಗಿ ಕೂರೋದು. ದೂರದಿಂದ ನೋಡಿಯೇ ಅಳತೆ ಹಿಡಿಯೋರು ಯಾರಪ್ಪ ಅಂತ ಅಮ್ಮ ಆಶ್ಚರ್ಯ ಪಡೋರು. ಒಳ ಹೊಲಿಗೆ ಕೂಡ ಅಷ್ಟು ನೀಟು. ಆವಾಗಿಂದ ನಂಗೊಂದು ಅನುಮಾನ ಇದೆ. ಅನುಮಾನ ಅಷ್ಟೇ. ಕೇಳೋ ಧೈರ್ಯ ಆಗಲಿಲ್ಲ."

ಬಾಗಿಲು ತೆರೆಯಿತು. ಸಮಿತಿಯ ಗುಮಾಸ್ತ ತಲೆ ಹೊರಹಾಕಿದ. "ತನಿಖಾಧಿಕಾರಿಗಳೂ ಅರ್ಜಿದಾರರೂ ಒಳಗೆ ಬನ್ನಿ. ಬೇಗ. ಕಲಾಪ ಆಗಲೇ ಶುರುವಾಗಿದೆ."

"ಇನ್ನೂ ನಾಲ್ಕಾಗಿಲ್ಲವಲ್ಲ?"

"ಸಾಕ್ಷಿ ಒಬ್ಬರು ಪರದೆಯ ಹಿಂದಿನ ಬಾಗಿಲಿಂದ ಮೊದಲೇ ಬಂದುಬಿಟ್ಟರು."

ಒಳಗೆ ಐದು ಜನ ಸದಸ್ಯರು, ಅವರ ಬೆನ್ನಿಗೆ ನೆಲದವರೆಗೆ ಇಳಿದ ದೊಡ್ಡ ಪರದೆ. ಎದುರಿನ ಸಾಕ್ಷಿಯ ಕುರ್ಚಿಯಲ್ಲಿ, ಕೊರಳಲ್ಲಿ ಇನ್ನೂ ಅಳತೆಯ ಟೇಪು ಹಾಕಿಕೊಂಡೇ ಅಕ್ಕ ಕೂತಿದ್ದಳು. ಮೊಣಕಾಲು ಜೋಡಿಸಿ, ಕೈ ಮಡಿಲಲ್ಲಿಟ್ಟು, ಶಾಲೆಯ ಮೊದಲ ದಿನದ ಹುಡುಗಿಯ ಹಾಗೆ.

ತನಿಖಾಧಿಕಾರಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಹಿಂದೆ ಬಂದ ಧ್ವಜದವರ ಮಗಳು ಅವನ ಭುಜದ ಮೇಲಿಂದ ಇಣುಕಿದಳು. ಅವಳು ನೋಡುತ್ತಿದ್ದದ್ದು ಆ ಟೇಪನ್ನು.

"ಬನ್ನಿ," ಎಂದರು ಸಮಿತಿಯ ಅಧ್ಯಕ್ಷೆ, ಕನ್ನಡಕದ ಮೇಲಿಂದ ನೋಡಿ. "ನಿಮ್ಮ ಕೆಲಸ ಹಗುರಾಯಿತು. ಈ ಅಮ್ಮ ಒಪ್ಪಿಕೊಂಡಿದ್ದಾರೆ. ಇನ್ನೊಮ್ಮೆ ಹೇಳಿಯಮ್ಮ, ಇವರೂ ಕೇಳಲಿ."

ಅಕ್ಕ ತಮ್ಮನ ಕಡೆ ನೋಡಲಿಲ್ಲ. ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿದಳು:

"ಲಾಂಛನವನ್ನ ತಲೆಕೆಳಗಾಗಿ ಹೊಲಿದವಳು ನಾನು. ಕೈ ತಪ್ಪಿ ಅಲ್ಲ. ಬೇಕಂತಲೇ ಹೊಲಿದೆ. ಏರಿಸಿದವರಿಗೆ ಏನೂ ಗೊತ್ತಿರಲಿಲ್ಲ."

ಆ ಮಾತನ್ನು, ಅರ್ಧ ಗಂಟೆಯ ಹಿಂದೆ, ಅವಳ ಬಾಯಿಗೆ ಕೊಟ್ಟವನು ತಾನೇ.

"ಇದು ದ್ರೋಹದ ಕಲಂ ಅಮ್ಮ," ಎಂದರು ಅಧ್ಯಕ್ಷೆ. "ಆಗ ಅವರಿಗೆ ಆದಷ್ಟೇ ಶಿಕ್ಷೆ ನಿಮಗೂ ಆಗುತ್ತೆ. ನಿಮ್ಮ ವಯಸ್ಸು..."

"ಐವತ್ತೆಂಟು. ಸೂಜಿಗೆ ದಾರ ಈಗಲೂ ನಾನೇ ಪೋಣಿಸ್ತೀನಿ."

ಅಧ್ಯಕ್ಷೆ ಕಾಗದ ಮಗುಚಿದರು.

"ಒಂದೇ ಪ್ರಶ್ನೆ ಉಳಿದಿದೆ, ಅಧಿಕಾರಿಗಳೇ. ಇವರ ಮಾತು ನಿಲ್ಲಬೇಕಾದರೆ ಆ ಮಧ್ಯಾಹ್ನ ಇವರು ಒಬ್ಬರೇ, ತಮ್ಮ ಎಂದಿನ ಜಾಗದಲ್ಲಿ ಕೂತು ಹೊಲಿದಿರಬೇಕು. ಆ ಜಾಗದಿಂದ ತಲೆಕೆಳಗಾದದ್ದು ಕಣ್ಣಿಗೆ ಕಂಡೇ ಕಾಣುತ್ತೆ, ಕೈ ತಪ್ಪಿತು ಅನ್ನೋಕಾಗಲ್ಲ. ಹಾಗೇ ಇತ್ತು ಅಂತ ಇವರು ಹೇಳ್ತಿದ್ದಾರೆ. ನಿಮ್ಮ ತನಿಖೆ ಏನು ಹೇಳುತ್ತೆ? ಹೊಲಿಗೆ ಕೋಣೆಯಲ್ಲಿ ಆಗ ಬೇರೆ ಯಾರಾದರೂ ಇದ್ದರಾ?"

ಇದ್ದರು ಎಂದರೆ ಅಕ್ಕ ಉಳಿಯುತ್ತಾಳೆ. ಫಲಕದ ಎಂಟನೆಯ ಜಾಗ ಬಿಳಿಚಿಯೇ ಉಳಿಯುತ್ತದೆ, ನಾಳೆ ಸಭೆಯ ಜೊತೆಗೆ ಅರ್ಜಿಯೂ ಸಾಯುತ್ತದೆ. ಇರಲಿಲ್ಲ ಎಂದರೆ ಆ ಹೆಸರು ಬರುತ್ತದೆ, ಅಕ್ಕ ಹೋಗುತ್ತಾಳೆ.

ಗೂಟ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಬೆನ್ನ ಹಿಂದೆ ಧ್ವಜದವರ ಮಗಳು ಒಂದೇ ಒಂದು ಮಾತು ಪಿಸುಗುಟ್ಟಿದಳು: "ಫ್ರಾಕು."

ತನಿಖಾಧಿಕಾರಿ ಬಾಯಿ ತೆರೆದ. ಆಗ ಅಕ್ಕ ಮೊದಲ ಸಲ ಅವನ ಕಡೆ ತಿರುಗಿ ತಲೆಯನ್ನು ಮೆಲ್ಲಗೆ ಅಡ್ಡ ಆಡಿಸಿದಳು. ಚಿಕ್ಕಂದಿನಲ್ಲಿ ಮಗ್ಗಿ ತಪ್ಪು ಹೇಳುವುದಕ್ಕೆ ಮೊದಲೇ ಹಿಡಿದು, ಬೇಡ, ಇನ್ನೊಮ್ಮೆ ಯೋಚನೆ ಮಾಡು ಎನ್ನುತ್ತಿದ್ದಳಲ್ಲ, ಹಾಗೆ.

"ಹೇಳಿ," ಎಂದರು ಅಧ್ಯಕ್ಷೆ. ಅವರ ಲೇಖನಿ ಕಾಗದದ ಮೇಲೆ ಊರಿತ್ತು. "ಇದ್ದರೋ, ಇರಲಿಲ್ಲವೋ?"